ಮೊದಲು ಬಂದ ಎಥಿಯೋಪಿಯಾ ಫುಟ್‌ಬಾಲ್‌ನಲ್ಲಿ ಹಿಂದೆ ಉಳಿದದ್ದು ಹೇಗೆ?

2022ರ ಜೂನ್ 9ರಂದು ಎಥಿಯೋಪಿಯಾದ ಫುಟ್‌ಬಾಲ್ ತಂಡ ಈಜಿಪ್ಟನ್ನು 2-0ರಿಂದ ಸೋಲಿಸಿತು. ಈಜಿಪ್ಟ್ ಅಂದರೆ ಆಫ್ರಿಕಾ ಕಪ್ಪನ್ನು ಏಳು ಸಲ ಗೆದ್ದ ತಂಡ. ಅದೇ ವರ್ಷ ಫೆಬ್ರವರಿಯಲ್ಲಿ ಆ ಕಪ್ಪಿನ ಫೈನಲ್ ಆಡಿ ಬಂದಿತ್ತು. ಈಜಿಪ್ಟಿನ ದೊಡ್ಡ ತಾರೆ ಮೊಹಮದ್ ಸಲಾಹ್ ಆ ದಿನ ಆಡಿರಲಿಲ್ಲ, ನಿಜ. ಆದರೂ ಗೆಲುವು ಗೆಲುವೇ. ದಾವಾ ಹೊತೆಸ್ಸಾ ಒಂದು ಗೋಲು, ಶಿಮೆಲಿಸ್ ಬೆಕೆಲೆ ಇನ್ನೊಂದು ಗೋಲು ಹೊಡೆದರು.

ದಾಖಲೆಯ ಪ್ರಕಾರ ಇದು ಎಥಿಯೋಪಿಯಾದ ತವರಿನ ಪಂದ್ಯ. ಆದರೆ ಪಂದ್ಯ ನಡೆದದ್ದು ಮಲಾವಿ ದೇಶದ ಲಿಲಾಂಗ್ವೆಯಲ್ಲಿ, ಅಡಿಸ್ ಅಬಾಬಾದಿಂದ ಎರಡೂವರೆ ಸಾವಿರ ಕಿಲೋಮೀಟರ್ ದೂರದಲ್ಲಿ. ಯಾಕೆಂದರೆ ಎಥಿಯೋಪಿಯಾದಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿಸಲು ಒಪ್ಪಿಗೆ ಪಡೆದ ಒಂದು ಮೈದಾನವೂ ಆಗ ಇರಲಿಲ್ಲ.

ಹನ್ನೆರಡು ಕೋಟಿಗೂ ಜಾಸ್ತಿ ಜನರಿರುವ ದೇಶ ಇದು. ಆಫ್ರಿಕಾದ ಫುಟ್‌ಬಾಲ್ ಒಕ್ಕೂಟವನ್ನು ಕಟ್ಟಿದ ನಾಲ್ಕು ದೇಶಗಳಲ್ಲಿ ಒಂದು. 1962ರಲ್ಲಿ ಆಫ್ರಿಕಾ ಕಪ್ ಗೆದ್ದಿದೆ. ಆದರೆ ವಿಶ್ವಕಪ್‌ಗೆ ಒಮ್ಮೆಯೂ ಹೋಗಿಲ್ಲ. ಈಚಿನ ವರ್ಷಗಳಲ್ಲಿ ಫಿಫಾ ಪಟ್ಟಿಯಲ್ಲಿ ಅದರ ಜಾಗ 140ರ ಆಸುಪಾಸಿನಲ್ಲಿದೆ. ನಮಗೆಲ್ಲ ಎಥಿಯೋಪಿಯಾ ಅಂದರೆ ನೆನಪಾಗುವುದು ಓಟಗಾರರು, ಅಲ್ವಾ? ಅಬೆಬೆ ಬಿಕಿಲಾ, ಹೈಲೆ ಗೆಬ್ರಸೆಲಾಸಿ. ಬೆಂಗಳೂರಿನ 10ಕೆ ಓಟದಲ್ಲೂ ಎಥಿಯೋಪಿಯಾದವರು ಮುಂದೆ ಇರುವುದು ಹೊಸದೇನಲ್ಲ. ಹಾಗಾದರೆ ಫುಟ್‌ಬಾಲ್‌ನಲ್ಲಿ ಏನಾಯಿತು?

ಬಡತನ ಎಂದು ಸುಮ್ನೆ ಒಂದು ಪದದಲ್ಲಿ ಮುಗಿಸುವವರಿದ್ದಾರೆ. ಅದು ಸಾಲದು. ಬುರ್ಕಿನಾ ಫಾಸೊ, ಮಾಲಿ ಕೂಡ ಬಡ ದೇಶಗಳೇ. ಆದರೆ ಆಫ್ರಿಕಾ ಕಪ್‌ಗೆ ಅವು ಮತ್ತೆ ಮತ್ತೆ ಬರುತ್ತವೆ, ಚೆನ್ನಾಗಿಯೂ ಆಡುತ್ತವೆ. ಎಥಿಯೋಪಿಯಾದ ಕಥೆ ಅರ್ಥವಾಗಬೇಕಾದರೆ ಅದು ಗೆದ್ದ ಕಪ್ಪಿನಿಂದಲೇ ಶುರು ಮಾಡಬೇಕು.

ನಾಲ್ಕು ತಂಡಗಳ ಕಪ್

1957ರ ಫೆಬ್ರವರಿಯಲ್ಲಿ ಸುಡಾನ್‌ನ ಖಾರ್ಟೂಮ್‌ನಲ್ಲಿ ಈಜಿಪ್ಟ್, ಸುಡಾನ್, ಎಥಿಯೋಪಿಯಾ, ದಕ್ಷಿಣ ಆಫ್ರಿಕಾ ಸೇರಿ ಆಫ್ರಿಕಾದ ಫುಟ್‌ಬಾಲ್ ಒಕ್ಕೂಟವನ್ನು ಸ್ಥಾಪಿಸಿದವು. ಅದರ ಚಿಕ್ಕ ಹೆಸರು ಕ್ಯಾಫ್. ಅದೇ ವಾರ ಮೊದಲ ಆಫ್ರಿಕಾ ಕಪ್ ಕೂಡ ನಡೆಯಿತು. ನಾಲ್ಕೇ ದೇಶ ಯಾಕೆ? ಆಗ ಆಫ್ರಿಕಾದ ಬಹುಪಾಲು ಇನ್ನೂ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಪೋರ್ಚುಗಲ್ ಕೈಯಲ್ಲಿತ್ತು. ಘಾನಾ ಸ್ವತಂತ್ರವಾದದ್ದೂ ಅದರ ಮುಂದಿನ ತಿಂಗಳು. ನೈಜೀರಿಯಾ, ಕ್ಯಾಮರೂನ್, ಸೆನೆಗಲ್, ಐವರಿ ಕೋಸ್ಟ್‌ಗೆಲ್ಲ ಸ್ವಾತಂತ್ರ್ಯ ಬಂದದ್ದು 1960ರಲ್ಲಿ.

ಆ ಮೊದಲ ಕಪ್‌ನಲ್ಲಿ ಎಥಿಯೋಪಿಯಾ ಒಂದು ಪಂದ್ಯವನ್ನೂ ಗೆಲ್ಲದೆ ಫೈನಲ್ ತಲುಪಿತು. ಬಿಳಿಯರೂ ಕರಿಯರೂ ಸೇರಿದ ತಂಡ ಕಳಿಸಲು ದಕ್ಷಿಣ ಆಫ್ರಿಕಾ ಒಪ್ಪಲಿಲ್ಲ. ಹೀಗಾಗಿ ಅದು ಆಡಲೇ ಇಲ್ಲ. ಎದುರಾಳಿ ಇಲ್ಲದ ಎಥಿಯೋಪಿಯಾ ನೇರ ಫೈನಲ್‌ಗೆ ಹೋಯಿತು. ಅಲ್ಲಿ ಈಜಿಪ್ಟ್ 4-0ರಿಂದ ಗೆದ್ದಿತು. ನಾಲ್ಕೂ ಗೋಲು ಒಬ್ಬನೇ ಆಟಗಾರನದು, ಹೆಸರು ಅದ್-ದಿಬಾ. 1959ರಲ್ಲಿ ಕೈರೋದಲ್ಲಿ ಮೂರೇ ತಂಡಗಳು ಆಡಿದವು. ಎಥಿಯೋಪಿಯಾ ಎರಡೂ ಪಂದ್ಯ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ.

ಮೂರನೇ ಕಪ್ 1962ರ ಜನವರಿಯಲ್ಲಿ ಅಡಿಸ್ ಅಬಾಬಾದಲ್ಲೇ ನಡೆಯಿತು. ಬಂದ ತಂಡಗಳು ಮತ್ತೆ ನಾಲ್ಕು: ಎಥಿಯೋಪಿಯಾ, ಈಜಿಪ್ಟ್, ಟ್ಯುನೀಷಿಯಾ, ಉಗಾಂಡಾ. ಉಗಾಂಡಾ ಆಗಿನ್ನೂ ಬ್ರಿಟಿಷರ ವಸಾಹತು. ಸೆಮಿಫೈನಲ್‌ನಲ್ಲಿ ಎಥಿಯೋಪಿಯಾ ಟ್ಯುನೀಷಿಯಾವನ್ನು 4-2ರಿಂದ ಸೋಲಿಸಿತು.

ಫೈನಲ್ ಜನವರಿ 21ರಂದು. ಚಕ್ರವರ್ತಿ ಹೈಲೆ ಸೆಲಾಸಿ ಮೈದಾನದಲ್ಲಿದ್ದರು. ಎದುರಿಗೆ ಹಿಂದಿನ ಎರಡೂ ಕಪ್ ಗೆದ್ದಿದ್ದ ಈಜಿಪ್ಟ್. 35ನೇ ನಿಮಿಷದಲ್ಲಿ ಬದಾವಿ ಗೋಲು ಹೊಡೆದು ಈಜಿಪ್ಟನ್ನು ಮುಂದೆ ತಂದರು. 74ನೇ ನಿಮಿಷದಲ್ಲಿ ಗಿರ್ಮಾ ತೆಕ್ಲೆ ಸಮ ಮಾಡಿದರು. ಜನ ಕುಣಿದು ಕೂರುವ ಮೊದಲೇ, ಮುಂದಿನ ನಿಮಿಷದಲ್ಲಿ ಬದಾವಿ ಮತ್ತೆ ಹೊಡೆದರು. ಇನ್ನು ಆರು ನಿಮಿಷ ಬಾಕಿ ಇದ್ದಾಗ ನಾಯಕ ಲುಚಿಯಾನೊ ವಸ್ಸಾಲೊ 2-2 ಮಾಡಿದರು. ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. 101ನೇ ನಿಮಿಷದಲ್ಲಿ ಲುಚಿಯಾನೊ ಅವರ ತಮ್ಮ ಇಟಾಲೊ ವಸ್ಸಾಲೊ ಗೋಲು ಹೊಡೆದರು, 117ನೇ ನಿಮಿಷದಲ್ಲಿ ಮೆಂಗಿಸ್ತು ವರ್ಕು. 4-2. ಚಕ್ರವರ್ತಿ ಕೈಯಿಂದ ಲುಚಿಯಾನೊ ಕಪ್ ತಗೊಂಡರು.

ಅದ್ಭುತ ಪಂದ್ಯ, ಅನುಮಾನ ಬೇಡ. ಈಜಿಪ್ಟ್‌ನಂಥ ತಂಡದ ಎದುರು ಎರಡು ಸಲ ಹಿಂದೆ ಬಿದ್ದು ಗೆಲ್ಲುವುದು ಸಣ್ಣ ಮಾತಲ್ಲ. ಆದರೆ ಒಟ್ಟು ಎರಡು ಪಂದ್ಯ ಗೆದ್ದು, ತವರಿನಲ್ಲಿ ಪಡೆದ ಕಪ್ ಅದು. ಖಂಡದ ಮುಕ್ಕಾಲು ಪಾಲು ಇನ್ನೂ ಆಟಕ್ಕೇ ಇಳಿದಿರಲಿಲ್ಲ. ಎಥಿಯೋಪಿಯಾ ಆಗ ಆಫ್ರಿಕಾದ ದೊಡ್ಡ ತಂಡವಾಗಿತ್ತು ಎನ್ನುವುದಕ್ಕಿಂತ, ಆಫ್ರಿಕಾದ ಮೊದಲ ತಂಡಗಳಲ್ಲಿ ಒಂದಾಗಿತ್ತು ಎನ್ನುವುದು ಸರಿ. ಈ ವ್ಯತ್ಯಾಸ ಮರೆತವರಿಗೆ ಆಮೇಲಿನದೆಲ್ಲ ಕುಸಿತದಂತೆ ಕಾಣುತ್ತದೆ. ಭಾರತದ ಓದುಗರಿಗೆ ಇದು ಬೇಗ ಅರ್ಥವಾಗಬೇಕು. ಅದೇ 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ನಾವು ಫುಟ್‌ಬಾಲ್ ಚಿನ್ನ ಗೆದ್ದಿದ್ದೆವು. ಅದನ್ನೇ ಇವತ್ತಿಗೂ ನೆನೆಯುತ್ತಿದ್ದೇವೆ.

ಅಸ್ಮಾರಾದ ಹುಡುಗರು

ವಸ್ಸಾಲೊ ಎನ್ನುವ ಹೆಸರು ಎಥಿಯೋಪಿಯಾದ್ದಲ್ಲ ಎಂದು ನಿಮಗೂ ಅನಿಸಿರಬಹುದು. ಲುಚಿಯಾನೊ ಹುಟ್ಟಿದ್ದು ಇವತ್ತಿನ ಎರಿಟ್ರಿಯಾದ ರಾಜಧಾನಿ ಅಸ್ಮಾರಾದಲ್ಲಿ. ತಂದೆ ಇಟಲಿಯವರು, ತಾಯಿ ಎರಿಟ್ರಿಯಾದವರು. ಎರಿಟ್ರಿಯಾ 1890ರಿಂದ ಇಟಲಿಯ ವಸಾಹತು. ಇಟಲಿಯವರ ಜೊತೆ ಅಸ್ಮಾರಾಕ್ಕೆ ಮೈದಾನ, ಕ್ಲಬ್ಬು, ಲೀಗು ಎಲ್ಲ ಬಂದವು. ಜೊತೆಗೆ ಜನಾಂಗಭೇದದ ಕಾನೂನುಗಳೂ ಬಂದವು. ಮಿಶ್ರ ಸಂತಾನದ ಮಕ್ಕಳನ್ನು ಅತ್ತಲೂ ಸೇರಿಸದ, ಇತ್ತಲೂ ಸೇರಿಸದ ಕಾಲ ಅದು. ಲುಚಿಯಾನೊ ಬೆಳೆದದ್ದು ಆ ಊರಿನಲ್ಲಿ.

1952ರಲ್ಲಿ ವಿಶ್ವಸಂಸ್ಥೆಯ ತೀರ್ಮಾನದಂತೆ ಎರಿಟ್ರಿಯಾವನ್ನು ಎಥಿಯೋಪಿಯಾದ ಜೊತೆ ಒಕ್ಕೂಟವಾಗಿ ಸೇರಿಸಲಾಯಿತು. ಫುಟ್‌ಬಾಲ್ ಮಟ್ಟಿಗೆ ಇದು ದೊಡ್ಡ ಲಾಭ. ಅಸ್ಮಾರಾದ ಕ್ಲಬ್‌ಗಳು ಎಥಿಯೋಪಿಯಾದ ಲೀಗ್‌ಗೆ ಬಂದು ಹಲವು ಸಲ ಚಾಂಪಿಯನ್ ಆದವು. ರಾಷ್ಟ್ರೀಯ ತಂಡಕ್ಕೂ ಅಲ್ಲಿಂದ ಆಟಗಾರರು ಬಂದರು. 1962ರ ಫೈನಲ್‌ನ ನಾಲ್ಕು ಗೋಲುಗಳಲ್ಲಿ ಎರಡು ಈ ಅಣ್ಣ ತಮ್ಮಂದಿರವು ಎನ್ನುವುದು ಆಕಸ್ಮಿಕವೇನಲ್ಲ.

ಕಪ್ ಗೆದ್ದದ್ದು ಜನವರಿಯಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಚಕ್ರವರ್ತಿ ಆ ಒಕ್ಕೂಟವನ್ನೇ ರದ್ದು ಮಾಡಿ ಎರಿಟ್ರಿಯಾವನ್ನು ಎಥಿಯೋಪಿಯಾದ ಒಂದು ಪ್ರಾಂತ್ಯವಾಗಿ ಮಾಡಿಕೊಂಡರು. ಅಲ್ಲಿ ಆಗಲೇ ಸ್ವಾತಂತ್ರ್ಯದ ಹೋರಾಟ ಶುರುವಾಗಿತ್ತು. ಆ ಯುದ್ಧ ಮುಗಿದದ್ದು 1991ರಲ್ಲಿ, ಮೂವತ್ತು ವರ್ಷಗಳ ನಂತರ. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾಯಿತು. ಆಟಗಾರರನ್ನು ಕೊಡುತ್ತಿದ್ದ ಒಂದು ಇಡೀ ನಗರ ಎಥಿಯೋಪಿಯಾ ತಂಡದ ಕೈತಪ್ಪಿತು. ಲುಚಿಯಾನೊ ಅಷ್ಟು ಹೊತ್ತಿಗೆ ದೇಶ ಬಿಟ್ಟು ಇಟಲಿಯಲ್ಲಿ ನೆಲೆಸಿದ್ದರು. 2022ರಲ್ಲಿ ತೀರಿಕೊಂಡರು.

ಆಫ್ರಿಕಾಕ್ಕೆ ಸಿಕ್ಕ ಮನುಷ್ಯ

1962ರ ಆ ತಂಡದ ಕೋಚ್ ಯಿದ್ನೆಕಾಚೆವ್ ತೆಸ್ಸೆಮಾ. ಈ ಹೆಸರು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ, ಆದರೆ ಗೊತ್ತಿರಬೇಕಾದ ಹೆಸರು. 1935ರಲ್ಲಿ ಶುರುವಾದ ಸೇಂಟ್ ಜಾರ್ಜ್ ಕ್ಲಬ್‌ನಲ್ಲಿ ಆಡಿದವರು. ಇಟಲಿ ಎಥಿಯೋಪಿಯಾವನ್ನು ಹಿಡಿದಿಟ್ಟುಕೊಂಡಿದ್ದ 1936ರಿಂದ 1941ರ ಕಾಲವನ್ನು ಕಣ್ಣಾರೆ ಕಂಡವರು. ಆಮೇಲೆ ಆಟಗಾರ, ಕೋಚ್, ಆಡಳಿತಗಾರ ಎಲ್ಲ ಆದರು. 1972ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ ಕ್ಯಾಫ್‌ನ ಅಧ್ಯಕ್ಷರಾಗಿದ್ದರು.

ಅವರ ಎರಡು ಕೆಲಸಗಳನ್ನು ಹೇಳಲೇಬೇಕು. ಮೊದಲನೆಯದು 1966ರ ವಿಶ್ವಕಪ್ ಬಹಿಷ್ಕಾರ. ಆಗ ಆಫ್ರಿಕಾಕ್ಕೆ ಅಂತ ಒಂದು ಸ್ಥಾನವೂ ಇರಲಿಲ್ಲ. ಆಫ್ರಿಕಾದಲ್ಲಿ ಗೆದ್ದವರು ಏಷ್ಯಾ-ಓಷಿಯಾನಿಯಾದಲ್ಲಿ ಗೆದ್ದವರ ಜೊತೆ ಆಡಿ ಇರುವ ಒಂದೇ ಸ್ಥಾನಕ್ಕೆ ಹೊಡೆದಾಡಬೇಕಿತ್ತು. ಘಾನಾದ ಓಹೆನೆ ಜಾನ್ ಮತ್ತು ತೆಸ್ಸೆಮಾ ಇದನ್ನು ವಿರೋಧಿಸಿದರು. ಆಫ್ರಿಕಾದ ತಂಡಗಳು ಅರ್ಹತಾ ಪಂದ್ಯಗಳಿಂದಲೇ ಹೊರಬಂದವು. ಮುಂದಿನ ಸಲ, ಅಂದರೆ 1970ರಲ್ಲಿ, ಆಫ್ರಿಕಾಕ್ಕೆ ಒಂದು ಸ್ಥಾನ ಖಚಿತವಾಯಿತು. ಮೊರಾಕೊ ಹೋಗಿ ಆಡಿತು. ಎರಡನೆಯದು, ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಹೊರಗಿಡಲು ಮಾಡಿದ ಹೋರಾಟ. 1976ರಲ್ಲಿ ಫಿಫಾ ಆ ದೇಶವನ್ನು ಉಚ್ಚಾಟಿಸಿತು.

ಇವತ್ತು ಆಫ್ರಿಕಾದ ಒಂಬತ್ತು ತಂಡಗಳಿಗೆ ವಿಶ್ವಕಪ್‌ನಲ್ಲಿ ನೇರ ಪ್ರವೇಶ ಇದೆ. ಆ ದಾರಿ ತೆರೆದವರಲ್ಲಿ ಒಬ್ಬರು ಎಥಿಯೋಪಿಯಾದವರು. ಅವರ ದೇಶಕ್ಕೆ ಮಾತ್ರ ಆ ಬಾಗಿಲಿನೊಳಗೆ ಕಾಲಿಡಲು ಇನ್ನೂ ಆಗಿಲ್ಲ.

ಮೂವತ್ತೊಂದು ವರ್ಷದ ಬರ

1962ರ ನಂತರ ತಂಡ ಒಮ್ಮೆಗೇ ಮುಳುಗಲಿಲ್ಲ. 1963ರಲ್ಲಿ ನಾಲ್ಕನೇ ಸ್ಥಾನ ಪಡೆಯಿತು. 1968ರಲ್ಲಿ ಕಪ್ ಮತ್ತೆ ಎಥಿಯೋಪಿಯಾಕ್ಕೆ ಬಂತು. ಅಡಿಸ್ ಅಬಾಬಾ ಮತ್ತು ಅಸ್ಮಾರಾದಲ್ಲಿ ಪಂದ್ಯಗಳು ನಡೆದವು. ಆಗ ತಂಡಗಳು ಎಂಟಾಗಿದ್ದವು. ಸೆಮಿಫೈನಲ್‌ನಲ್ಲಿ ಕಾಂಗೊ ಎದುರು ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋತು ಮತ್ತೆ ನಾಲ್ಕನೇ ಸ್ಥಾನ. 1970ರಲ್ಲಿ ಐವರಿ ಕೋಸ್ಟ್ 6-1ರಿಂದ ಸೋಲಿಸಿತು. ಅದರಲ್ಲಿ ಐದು ಗೋಲು ಲಾರೆಂಟ್ ಪೊಕು ಒಬ್ಬರದೇ. ಹೊಸದಾಗಿ ಸ್ವತಂತ್ರವಾದ ದೇಶಗಳು ಆಟದಲ್ಲಿ ದಾಟಿ ಹೋಗುತ್ತಿರುವುದು ಅಲ್ಲಿ ಕಣ್ಣಿಗೆ ಕಂಡಿತು.

1974ರಲ್ಲಿ ಸೇನೆ ಚಕ್ರವರ್ತಿಯನ್ನು ಇಳಿಸಿತು. ಡೆರ್ಗ್ ಎಂಬ ಸೇನಾ ಆಡಳಿತ ಬಂತು. ಕೊಲೆಗಳು, ಸೊಮಾಲಿಯಾದ ಜೊತೆ ಯುದ್ಧ, ಎರಿಟ್ರಿಯಾದ ಯುದ್ಧ, ಆಮೇಲೆ 1984ರ ಹೊತ್ತಿನ ಭೀಕರ ಬರಗಾಲ. ಈ ನಡುವೆ 1976ರ ಆಫ್ರಿಕಾ ಕಪ್ ಅಡಿಸ್ ಅಬಾಬಾ ಮತ್ತು ದಿರೆ ದಾವಾದಲ್ಲಿ ನಡೆಯಿತು. ಆತಿಥೇಯರು ಮೊದಲ ಸುತ್ತಿನಲ್ಲೇ ಹೊರಬಿದ್ದರು. 1982ರಲ್ಲಿ ಲಿಬಿಯಾಕ್ಕೆ ಹೋದ ತಂಡ ಮೂರು ಪಂದ್ಯಗಳಲ್ಲಿ ಒಂದು ಗೋಲೂ ಹೊಡೆಯದೆ ವಾಪಸ್ ಬಂತು. ಮುಂದಿನ ಆಫ್ರಿಕಾ ಕಪ್ ಕಾಣಲು 2013ರವರೆಗೆ ಕಾಯಬೇಕಾಯಿತು.

ಅಷ್ಟು ವರ್ಷ ದೇಶ ಆಡಲೇ ಇಲ್ಲ ಎಂದಲ್ಲ. ಪೂರ್ವ ಮತ್ತು ಮಧ್ಯ ಆಫ್ರಿಕಾದ ಸೆಕಾಫಾ ಕಪ್ಪನ್ನು 1987, 2001, 2004, 2005ರಲ್ಲಿ ಗೆದ್ದಿತು. ನೆರೆಹೊರೆಯವರ ಜೊತೆ ಆಡುವಾಗ ತಂಡ ಕೆಟ್ಟದಾಗಿರಲಿಲ್ಲ. ಪಶ್ಚಿಮ ಮತ್ತು ಉತ್ತರ ಆಫ್ರಿಕಾದ ತಂಡಗಳು ಬಂದಾಗ ಅಂತರ ಗೊತ್ತಾಗುತ್ತಿತ್ತು. ಆ ತಂಡಗಳ ಹುಡುಗರು ಫ್ರಾನ್ಸ್, ಬೆಲ್ಜಿಯಂ ಕ್ಲಬ್‌ಗಳಲ್ಲಿ ಬೆಳೆಯುತ್ತಿದ್ದರು. ಎಥಿಯೋಪಿಯಾಕ್ಕೆ ಅಂಥ ದಾರಿ ಇರಲಿಲ್ಲ. ಒಳಗಿನ ಲೀಗ್‌ನಲ್ಲೂ ಬ್ಯಾಂಕು, ವಿದ್ಯುತ್ ಸಂಸ್ಥೆ, ಸೇನೆ, ನಗರಾಡಳಿತಗಳ ದುಡ್ಡಿನ ಮೇಲೆ ನಿಂತ ಕ್ಲಬ್‌ಗಳೇ ಜಾಸ್ತಿ. ಸಂಬಳ ಬರುತ್ತದೆ. ಆದರೆ ಹತ್ತು ವರ್ಷದ ಹುಡುಗನನ್ನು ಹುಡುಕಿ, ಬೆಳೆಸಿ, ಹೊರಗೆ ಮಾರಿ ಹಣ ಮಾಡುವ ಒತ್ತಡ ಅಂಥ ಕ್ಲಬ್‌ಗೆ ಇರುವುದಿಲ್ಲ.

ಕಚೇರಿಯಲ್ಲಿ ಸೋತ ಪಂದ್ಯಗಳು

ನನಗೆ ಈ ಇತಿಹಾಸದಲ್ಲಿ ಜಾಸ್ತಿ ಬೇಸರ ತರಿಸುವುದು ಮೈದಾನದ ಸೋಲುಗಳಲ್ಲ. 2008ರಲ್ಲಿ ದೇಶದ ಫುಟ್‌ಬಾಲ್ ಫೆಡರೇಷನ್‌ನ ಒಳಜಗಳ ಬೀದಿಗೆ ಬಂತು. ಅಧ್ಯಕ್ಷರು ಯಾರು ಎಂಬುದೇ ವಿವಾದ. ಫಿಫಾ ಮಧ್ಯೆ ಬಂದು ಗಡುವು ಕೊಟ್ಟಿತು, ಅದೂ ಮೀರಿತು. ಜುಲೈನಲ್ಲಿ ಫಿಫಾ ಎಥಿಯೋಪಿಯಾವನ್ನು ಅಮಾನತು ಮಾಡಿತು. ಆಗ 2010ರ ವಿಶ್ವಕಪ್‌ನ ಅರ್ಹತಾ ಪಂದ್ಯಗಳು ನಡೆಯುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ತಂಡವನ್ನು ಅದರಿಂದಲೇ ಹೊರಹಾಕಲಾಯಿತು, ಆಡಿದ ಪಂದ್ಯಗಳ ಫಲಿತಾಂಶವೂ ರದ್ದಾಯಿತು. ಆಫ್ರಿಕಾದ ನೆಲದಲ್ಲಿ ನಡೆದ ಮೊದಲ ವಿಶ್ವಕಪ್ ಅದು.

ಅದಾದ ಮೇಲೆ ಒಂದು ಒಳ್ಳೆಯ ತಂಡ ಹುಟ್ಟಿಕೊಂಡಿತು. ಕೋಚ್ ಸ್ಯೂನೆಟ್ ಬಿಷಾವ್. ಮುಂಚೂಣಿಯಲ್ಲಿ ಸಲಾದಿನ್ ಸಯೀದ್, ಅದಾನೆ ಗಿರ್ಮಾ, ಗೆತಾನೆ ಕೆಬೆಡೆ. 2012ರ ಅಕ್ಟೋಬರ್‌ನಲ್ಲಿ, 2013ರ ಆಫ್ರಿಕಾ ಕಪ್‌ನ ಅರ್ಹತೆಗಾಗಿ ಸುಡಾನ್ ವಿರುದ್ಧದ ಪಂದ್ಯ. ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು ಸುಡಾನ್‌ನಲ್ಲಿ 5-3ರಿಂದ ಸೋತು ಬಂದಿದ್ದರು. ಅಡಿಸ್ ಅಬಾಬಾದಲ್ಲಿ 2-0 ಗೆದ್ದರು. ಒಟ್ಟು 5-5, ಎದುರಾಳಿಯ ಊರಿನಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಎಥಿಯೋಪಿಯಾ ಮುಂದೆ. ಮೂವತ್ತೊಂದು ವರ್ಷದ ನಂತರ ಆಫ್ರಿಕಾ ಕಪ್! ದಕ್ಷಿಣ ಆಫ್ರಿಕಾದಲ್ಲಿ ಮೊದಲ ಪಂದ್ಯ ಆಗಿನ ಚಾಂಪಿಯನ್ ಜಾಂಬಿಯಾ ಜೊತೆ. ಸಲಾದಿನ್ ಹೊಡೆದ ಪೆನಾಲ್ಟಿ ಗೋಲಾಗಲಿಲ್ಲ, ಗೋಲ್‌ಕೀಪರ್‌ಗೆ ಕೆಂಪು ಕಾರ್ಡ್ ಸಿಕ್ಕಿತು. ಹತ್ತೇ ಜನ ಆಡಿ, ಅದಾನೆ ಗಿರ್ಮಾ ಗೋಲಿನಿಂದ 1-1 ಮಾಡಿಕೊಂಡರು. ಮುಂದಿನ ಎರಡು ಪಂದ್ಯ ಸೋತು ಮನೆಗೆ ಬಂದರು, ಆದರೆ ತಂಡದ ಮೇಲೆ ಜನರಿಗೆ ನಂಬಿಕೆ ಹುಟ್ಟಿತ್ತು.

2013ರ ಜೂನ್ 16ರಂದು 2014ರ ವಿಶ್ವಕಪ್ ಅರ್ಹತೆಗಾಗಿ ದಕ್ಷಿಣ ಆಫ್ರಿಕಾ ಅಡಿಸ್ ಅಬಾಬಾಕ್ಕೆ ಬಂತು. ಎಥಿಯೋಪಿಯಾ 2-1ರಿಂದ ಗೆದ್ದಿತು. ಗುಂಪಿನಲ್ಲಿ ಅಂಕ 13 ಆಯಿತು, ಕೊನೆಯ ಸುತ್ತಿಗೆ ಜಾಗ ಖಚಿತ ಎಂದು ನಗರವೇ ಬೀದಿಗಿಳಿದು ಕುಣಿಯಿತು. ಅದೇ ದಿನ ಫಿಫಾದಿಂದ ಸುದ್ದಿ ಬಂತು. ಹಿಂದಿನ ವಾರ ಬೋಟ್ಸ್ವಾನಾ ವಿರುದ್ಧ ಆಡಿದ ಮಿನ್ಯಾಹಿಲ್ ತೆಶೋಮೆ ಅರ್ಹ ಆಟಗಾರನಲ್ಲ ಎಂಬ ಅನುಮಾನದ ಮೇಲೆ ತನಿಖೆ.

ನಿಯಮ ಬಹಳ ಸರಳ. ಅರ್ಹತಾ ಸುತ್ತಿನ ಬೇರೆ ಬೇರೆ ಪಂದ್ಯಗಳಲ್ಲಿ ಎರಡು ಹಳದಿ ಕಾರ್ಡ್ ಸಿಕ್ಕಿದರೆ ಮುಂದಿನ ಪಂದ್ಯ ಆಡುವಂತಿಲ್ಲ. ಅದನ್ನು ಲೆಕ್ಕ ಇಡುವುದು ಫೆಡರೇಷನ್ ಕೆಲಸ. ಮಿನ್ಯಾಹಿಲ್‌ಗೆ ಎರಡು ಕಾರ್ಡ್ ಆಗಿದ್ದವು, ಆದರೂ ಆಡಿಸಿದ್ದರು. ಫೆಡರೇಷನ್ ತಪ್ಪು ಒಪ್ಪಿಕೊಂಡಿತು. ಬೋಟ್ಸ್ವಾನಾ ವಿರುದ್ಧ 2-1ರಿಂದ ಗೆದ್ದಿದ್ದ ಪಂದ್ಯ 3-0 ಸೋಲಾಯಿತು, 13 ಅಂಕ 10ಕ್ಕೆ ಇಳಿಯಿತು.

ಹುಡುಗರು ಕೈಚೆಲ್ಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಬ್ರಾಜ್ಜಾವಿಲ್‌ನಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯವನ್ನು ಸೋಲಿಸಿ ಮತ್ತೆ ಗುಂಪಿನ ಮೊದಲ ಸ್ಥಾನ ಪಡೆದರು. ವಿಶ್ವಕಪ್ ನಡೆಯಲಿದ್ದ ಬ್ರೆಜಿಲ್‌ಗೆ ಇನ್ನು ಎರಡೇ ಪಂದ್ಯ ಬಾಕಿ. ಎದುರಾಳಿ ಆಫ್ರಿಕಾ ಚಾಂಪಿಯನ್ ನೈಜೀರಿಯಾ. ಅಡಿಸ್ ಅಬಾಬಾದಲ್ಲಿ ಬೆಹೈಲು ಅಸ್ಸೆಫಾ ಗೋಲಿನಿಂದ ಎಥಿಯೋಪಿಯಾ ಮುಂದೆ ಹೋಯಿತು. ಆದರೆ ನೈಜೀರಿಯಾದ ಎಮೆನಿಕೆ ಸಮ ಮಾಡಿದರು. ಕೊನೆಯ ನಿಮಿಷದಲ್ಲಿ ಪೆನಾಲ್ಟಿಯಲ್ಲಿ ಇನ್ನೊಂದನ್ನೂ ಹೊಡೆದರು. ಸಲಾದಿನ್ ಹೊಡೆದ ಒಂದು ಚೆಂಡು ಗೆರೆ ದಾಟಿತ್ತು ಎಂದು ಎಥಿಯೋಪಿಯಾದವರು ಪಟ್ಟುಹಿಡಿದರು, ರೆಫರಿ ಕೊಡಲಿಲ್ಲ. ನೈಜೀರಿಯಾದ ಕಲಬಾರ್‌ನಲ್ಲಿ 2-0 ಸೋಲು. ಒಟ್ಟು 4-1. ವಿಶ್ವಕಪ್‌ಗೆ ಎಥಿಯೋಪಿಯಾ ಇಷ್ಟು ಹತ್ತಿರ ಬಂದದ್ದು ಅದೊಂದೇ ಸಲ.

ಮೈದಾನವಿಲ್ಲದ ತಂಡ

2021ರ ಆಫ್ರಿಕಾ ಕಪ್‌ಗೆ ಕೋಚ್ ವುಬೆತು ಅಬಾತೆ ಕೈಯಲ್ಲಿ ತಂಡ ಮತ್ತೆ ಅರ್ಹತೆ ಪಡೆಯಿತು. ಕ್ಯಾಮರೂನ್‌ನಲ್ಲಿ ಒಂದು ಡ್ರಾ, ಎರಡು ಸೋಲು. ಅದೇ ಹೊತ್ತಿಗೆ ದೇಶದೊಳಗೆ, ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ ಯುದ್ಧ. 2020ರ ನವೆಂಬರ್‌ನಿಂದ ಎರಡು ವರ್ಷ ನಡೆಯಿತು. 2019ರಲ್ಲಿ ಲೀಗ್ ಗೆದ್ದಿದ್ದ ಮೆಕೆಲೆಯ ಕ್ಲಬ್ ಸೇರಿ ಟಿಗ್ರಾಯ್‌ನ ತಂಡಗಳೆಲ್ಲ ಲೀಗ್‌ನಿಂದ ಕಾಣೆಯಾದವು. ಅಸ್ಮಾರಾದ ಕಥೆಯೇ ಬೇರೆ ರೂಪದಲ್ಲಿ ಮತ್ತೆ ನಡೆದಂತೆ.

ಮೈದಾನದ ವಿಷಯಕ್ಕೆ ಬರೋಣ. ಕ್ಯಾಫ್ ಈಚೆಗೆ ನಿಯಮ ಬಿಗಿ ಮಾಡಿದೆ. ಹುಲ್ಲು, ದೀಪ, ಪ್ರತ್ಯೇಕ ಆಸನ, ಡ್ರೆಸ್ಸಿಂಗ್ ರೂಮ್, ವೈದ್ಯಕೀಯ ಕೋಣೆ, ಎಲ್ಲಕ್ಕೂ ಅಳತೆ ಇದೆ. ಅಡಿಸ್ ಅಬಾಬಾದ ಹಳೆಯ ಕ್ರೀಡಾಂಗಣ ಅದಕ್ಕೆ ಹೊಂದಲಿಲ್ಲ. 2021ರ ಕೊನೆಗೆ ಬಹಿರ್ ದಾರ್‌ನ ಕ್ರೀಡಾಂಗಣವೂ ಪಟ್ಟಿಯಿಂದ ಹೊರಬಿತ್ತು. ಅಲ್ಲಿಂದ ತಂಡ ಅಲೆಮಾರಿ. ಮಲಾವಿ, ಮೊರಾಕೊ, ತಾಂಜಾನಿಯಾ ಎಂದು ತವರಿನ ಪಂದ್ಯ ಆಡಲು ಊರೂರು ತಿರುಗಿತು. 2023ರ ಮಾರ್ಚ್‌ನಲ್ಲಿ ಗಿನಿ ವಿರುದ್ಧದ ತವರು ಪಂದ್ಯ, ಹೊರಗಿನ ಪಂದ್ಯ ಎರಡೂ ಮೊರಾಕೊದಲ್ಲೇ ಆದವು.

ನಷ್ಟ ಟಿಕೆಟ್ ದುಡ್ಡಿನದಷ್ಟೇ ಅಲ್ಲ. ಅಡಿಸ್ ಅಬಾಬಾ ಸಮುದ್ರಮಟ್ಟದಿಂದ 2,300 ಮೀಟರ್‌ಗಿಂತ ಎತ್ತರದಲ್ಲಿದೆ. ಹೊರಗಿನಿಂದ ಬಂದ ತಂಡಗಳಿಗೆ ಅರ್ಧ ಆಟ ಮುಗಿಯುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಓಟಗಾರರನ್ನು ಬೆಳೆಸಿದ ಗಾಳಿಯೇ ಫುಟ್‌ಬಾಲ್ ತಂಡಕ್ಕೂ ಇದ್ದ ಒಂದೇ ದೊಡ್ಡ ಅನುಕೂಲ. ಓಟಗಾರನಿಗೆ ಗುಡ್ಡದ ರಸ್ತೆ ಸಾಕು, ಫುಟ್‌ಬಾಲ್‌ಗೆ ಒಪ್ಪಿಗೆ ಪಡೆದ ಕ್ರೀಡಾಂಗಣ ಬೇಕು.

ಇನ್ನೊಂದು ಕಟ್ಟು ಪೌರತ್ವದ್ದು. ಎಥಿಯೋಪಿಯಾ ಎರಡು ದೇಶದ ಪೌರತ್ವ ಒಪ್ಪುವುದಿಲ್ಲ. ಯುರೋಪ್, ಅಮೆರಿಕದಲ್ಲಿ ಹುಟ್ಟಿ ಬೆಳೆದ ಎಥಿಯೋಪಿಯಾ ಮೂಲದ ಹುಡುಗನಿಗೆ ಈ ತಂಡಕ್ಕೆ ಆಡಬೇಕೆಂದರೆ ಅಲ್ಲಿನ ಪಾಸ್‌ಪೋರ್ಟ್ ಬಿಡಬೇಕು. ಯಾರು ಬಿಡುತ್ತಾರೆ? ತಂದೆ ಎಥಿಯೋಪಿಯಾದವರಾದ ಥಿಯೋಡೋರ್ ಗೆಬ್ರೆ ಸೆಲಾಸಿ ಜೆಕ್ ತಂಡಕ್ಕೆ ಆಡಿದರು. ಇದಕ್ಕೆ ತದ್ವಿರುದ್ಧ ಕೇಪ್ ವರ್ಡಿ. ಜನಸಂಖ್ಯೆ ಐದು ಲಕ್ಷದಷ್ಟು. ಪೋರ್ಚುಗಲ್, ನೆದರ್ಲೆಂಡ್ಸ್, ಫ್ರಾನ್ಸ್‌ನಲ್ಲಿ ಹುಟ್ಟಿದ ತನ್ನ ಮಕ್ಕಳನ್ನು ಕರೆದುತಂದು 2026ರ ವಿಶ್ವಕಪ್‌ಗೆ ಅರ್ಹತೆ ಪಡೆದಿದೆ.

ಹೊಸ ಕ್ರೀಡಾಂಗಣ ಅಡಿಸ್ ಅಬಾಬಾದಲ್ಲಿ ವರ್ಷಗಟ್ಟಲೆಯಿಂದ ಏಳುತ್ತಿದೆ. ಹೆಸರು ಅದೆಯ್ ಅಬೆಬಾ, ಅರವತ್ತು ಸಾವಿರ ಜನ ಕೂರುವಂಥದ್ದು. 2024ರ ಅಕ್ಟೋಬರ್‌ನಲ್ಲಿ ಕ್ಯಾಫ್‌ನ ಸಾಮಾನ್ಯ ಸಭೆ ಇದೇ ನಗರದಲ್ಲಿ ನಡೆಯಿತು. ಪ್ರಧಾನಿ ಅಬಿ ಅಹ್ಮದ್ ಅಲ್ಲಿಯೇ 2029ರ ಆಫ್ರಿಕಾ ಕಪ್ಪನ್ನು ನಮಗೆ ಕೊಡಿ ಎಂದು ಕೇಳಿದರು. 2027ರ ಕಪ್ ಆಗಲೇ ನೆರೆಯ ಕೀನ್ಯಾ, ಜೊತೆಗೆ ಉಗಾಂಡಾ ಮತ್ತು ತಾಂಜಾನಿಯಾ ಪಾಲಾಗಿತ್ತು. 1962ರಲ್ಲಿ ಅಡಿಸ್ ಅಬಾಬಾಕ್ಕೆ ಬಂದು ಆಡಿದ್ದ ಅದೇ ಉಗಾಂಡಾ.